ಪದರ ಹಿಡಿಯದ ತೆಪ್ಪ

ಹಲೋ… ಹಲೋ, ಯಾರು ಮಾತಾಡ್ತಿರೋದು? ಇದು ತಮ್ಮಯ್ಯಣ್ಣನ ಫೋನಲ್ವಾ? ತೊಣ್ಣೂರು ಕೆರೇಲಿ ತೆಪ್ಪ ಓಡಿಸ್ತಾರಲ್ಲ, ಆ ತಮ್ಮಯ್ಯ…

ಹಾಂ, ಸರಿ ಕಣವ್ವ. ನೀನ್ಯಾರು?… ಅಪರ್ಣ. ನೀನು ಅವರ ಮನೆಯೋಳಲ್ಲ, ಅಲ್ವಾ? ಅವರ ಫೋನು ನಿನ್ನ ಕೈಗೆ ಎಂಗೆ ಬಂತು?…

ಹುಟ್ಟು ಹಾಕ್ತಾವ್ರಾ? ಅಂದ್ರೆ… ಅಂದ್ರೆ ನೀವು ಈಗ ನೀರಿನ ಮೇಲಿದೀರಾ? ಯಾವ ತೆಪ್ಪ? ನೀಲಿದಾ? ಹೊಸ ಫೈಬರ್ ತೆಪ್ಪ?…

ಅಯ್ಯೋ ನನ್ನ ತಾಯಿ… ಏನಿಲ್ಲ, ಏನಿಲ್ಲ ಕಣವ್ವ, ಸುಮ್ನೆ ಬಾಯಿಗೆ ಬಂತು. ಎಷ್ಟು ಜನ ಇದೀರಾ?… ನೀನು, ನಿನ್ನ ಮದ್ವೆ ಆಗೋ ಹುಡುಗ, ಫೋಟೋದವನು, ತಮ್ಮಯ್ಯ. ನಾಲ್ಕು ಜನ. ಮದ್ವೆಗೆ ಮುಂಚೆ ಫೋಟೋ ತೆಗಿಸ್ತಾರಲ್ಲ, ಅದಾ? ಚೆನ್ನಾಗಿ ಬರ್ಲಿ. ಒಂದು ಉಪಕಾರ ಮಾಡು ಮಗಾ. ಈ ಫೋನನ್ನ ತಮ್ಮಯ್ಯನ ಕಿವಿಗೆ ಹಿಡಿ. ಸ್ಪೀಕರ್ ಹಾಕಬ್ಯಾಡ. ಕಿವಿಗೇ ಹಿಡಿ…

ಅಣ್ಣ, ನಾನು ಸೋಮಮ್ಮ. ಗಂಜಾಮಿನ ಫೈಬರ್ ಶೆಡ್ಡು. ನಿನ್ನ ತೆಪ್ಪ ಮಾಡ್ಕೊಟ್ಟೋಳು. ಈಗ ನಾನು ಹೇಳೋದನ್ನ ಕೇಳು, ಮಖದ ಮೇಲೆ ಏನೂ ತೋರಿಸ್ಬ್ಯಾಡ. ಬರೀ ಹೂಂ, ಊಹೂಂ ಅನ್ನು, ಸಾಕು. ಆ ಮಕ್ಕಳಿಗೆ ಗೊತ್ತಾಗಿ ಎದ್ದು ನಿಂತ್ರೆ ಕೆಟ್ಟೋಯ್ತದೆ. ಹೂಂ ಅನ್ನು ಮೊದ್ಲು…

ತೆಪ್ಪ ಸರಿ ಇಲ್ಲ ಅಣ್ಣ…

ನಗಬ್ಯಾಡ. ತಮಾಷೆಗೆ ಹೇಳ್ತಿಲ್ಲ… ಗೊತ್ತು, ಹದಿನೈದು ದಿನದಿಂದ ಓಡಿಸ್ತಿದೀಯ, ಒಂದು ಹನಿ ನೀರು ಬಂದಿಲ್ಲ. ಮೇಲೆ ಕಾಣಾಕಿಲ್ಲ ಅದು. ಪದರಕ್ಕೆ ಪದರ ಹಿಡ್ಕೊಂಡಿಲ್ಲ. ಹೊರಗಿನ ಪದರ ಅದರ ಪಾಡಿಗೆ ಅದೆ, ಒಳಗಿನದು ಅದರ ಪಾಡಿಗೆ ಅದೆ. ನಡುವೆ ಎಣ್ಣೆ ಸೇರ್ಕೊಂಡಿದೆ…

ಎಣ್ಣೆ ಕಣಣ್ಣ, ಹರಳೆಣ್ಣೆ. ಎಂಗೆ ಬಂತು ಅಂತ ದಡಕ್ಕೆ ಹೋದ್ಮೇಲೆ ಕೇಳು, ಒಂದೂ ಬಿಡ್ದೆ ಹೇಳ್ತೀನಿ. ನಂಗೇ ಗೊತ್ತಾಗಿ ಐದು ನಿಮಿಷ ಆಗಿಲ್ಲ. ಕೈ ಕೂಡ ತೊಳೀದೆ ಫೋನ್ ಮಾಡ್ತಿದೀನಿ…

ಈಗ ಹೇಳು. ದಡದಿಂದ ದೂರ ಇದೀಯಾ?… ಹೂಂ. ಬೆಟ್ಟದ ಕಡೆ ದಡ ಹತ್ರ ಅದಾ? ಅಂಗಾದ್ರೆ ಹೂಂ ಅನ್ನು. ತೂಬಿನ ಕಡೆ ಹತ್ರ ಅಂದ್ರೆ ಊಹೂಂ…

ಸರಿ. ಬೆಟ್ಟದ ಕಡೆಗೆ ತಿರುಗಿಸು. ನಿನ್ನ ಗಾಡಿ ಇರೋದು ತೂಬಿನ ಹತ್ರ ಅಂತ ನಂಗೊತ್ತು. ಗಾಡಿ ಎಲ್ಲಿಗೂ ಓಡೋಗಾಕಿಲ್ಲ, ಬುಡು. ನಿಧಾನಕ್ಕೆ ತಿರುಗಿಸು…

ಅಣ್ಣ, ಮೊನ್ನೆ ಫೋನಲ್ಲಿ ಹೇಳಿದ್ಯಲ್ಲ, ಬಂದೋರಿಗೆ ತೆಪ್ಪನ ಗರಗರ ಸುತ್ತಿಸಿ ತೋರಿಸ್ತೀನಿ, ಕಿರುಚ್ಕೊಂಡು ಕುಣೀತಾರೆ ಅಂತ. ಇವತ್ತೂ ಸುತ್ತಿಸಿದ್ಯಾ?… ಎಷ್ಟು ಸಲ? ಎರಡು?… ಮೂರಾ? ಶಿವನೇ. ಇನ್ನು ಸುತ್ತಿಸ್ಬ್ಯಾಡ, ಅವರು ಎಷ್ಟೇ ಕೇಳ್ಲಿ. ಸುತ್ತಿಸಿದಾಗೆಲ್ಲ ತಳ ತಿರುಚ್ಕೊಳ್ತದೆ…

ಫೋಟೋದವನು ಕೂತವ್ನಾ?… ನಿಂತವ್ನಾ? ನಟ್ಟ ನಡುವೇನಾ?… ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡನ್ನೂ ಅಲ್ಲೇ ಊರ್ಕೊಂಡವ್ನಾ… ಸರಿ, ಸರಿ. ಗಾಬ್ರಿ ಬ್ಯಾಡ. ಒಂದು ನೋಡೋಣ. ಜೇಬಲ್ಲಿ ಒಂದು ರೂಪಾಯಿ ನಾಣ್ಯ ಅದಾ? ತೆಗಿ. ಆ ಹುಡುಗಿಗೆ ಫೋನ್ ನೆಲದ ಹತ್ರ ಹಿಡಿ ಅನ್ನು. ನೀನು ಕೂತಲ್ಲೇ, ನಿನ್ನ ಕಾಲ ಪಕ್ಕ, ನಾಣ್ಯದ ಅಂಚಿನಲ್ಲಿ ತಟ್ಟು…

ಹಾಂ, ಕೇಳ್ತು. ಟಣ್ ಅಂತು. ಅಲ್ಲಿ ಗಟ್ಟಿ ಅದೆ. ಇನ್ನೊಂದು ಮೊಳ ನಡುವಿಗೆ ಬಾ. ತಟ್ಟು…

ಅಲ್ಲೂ ಟಣ್. ಇನ್ನೊಂದು ಗೇಣು…

ಇನ್ನೊಂದ್ ಸಲ ತಟ್ಟಣ್ಣ, ಅದೇ ಜಾಗದಲ್ಲಿ…

ಕೇಳ್ತಾ? ನಿಂಗೂ ಕೇಳ್ತಾ? ನೀರು ಆರಿದ ತೆಂಗಿನಕಾಯಿ ತಟ್ಟಿದಂಗೆ. ಪೊಳ್ಳು. ಎಷ್ಟಗಲ ಅದೆ ನೋಡು, ತಟ್ಕೊಂಡು ಸುತ್ತ ಹೋಗು. ಅವನ ಕಾಲ ಹತ್ರ ಮೆಲ್ಲಗೆ… ತಟ್ಟೆ ಅಷ್ಟಾ?… ಮೊರದಷ್ಟಾ?… ಮೊರದಷ್ಟು. ಹೂಂ. ನಾನೂ ಅಷ್ಟೇ ಅಂದ್ಕೊಂಡೆ…

ಲೈಫ್ ಜಾಕೆಟ್ಟು ಎಷ್ಟಿವೆ?… ನಾಲ್ಕಿದ್ರೂ ಒಬ್ರೂ ಹಾಕಿಲ್ಲ, ಅಲ್ವಾ? ಫೋಟೋದಲ್ಲಿ ಚೆಂದ ಕಾಣಾಕಿಲ್ಲ ಅಂತ ಬಿಚ್ಚಿ ಬಿಸಾಕವ್ರೆ. ಇಂಗೆ ಹೇಳು ಅವ್ರಿಗೆ. ದಡದಲ್ಲಿ ಸಾಹೇಬ್ರು ಬಂದು ನಿಂತವ್ರೆ, ಜಾಕೆಟ್ ಇಲ್ದೆ ಕಂಡ್ರೆ ತೆಪ್ಪ ಹಿಡಿದು ಹಾಕ್ತಾರೆ, ನನ್ನ ಹೊಟ್ಟೆ ಮೇಲೆ ಹೊಡೀಬ್ಯಾಡಿ ಅಂತ… ಸುಳ್ಳೇ ಕಣಣ್ಣ. ಹೇಳು. ಆ ಪಾಪ ನಂಗಿರ್ಲಿ…

ಏನಂತೆ ಅವನ್ದು? ಬಿಸಿಲು ಈಗ ಸರಿಯಾಗಿ ಬಿದ್ದದೆ, ಇನ್ನೈದು ನಿಮಿಷ ಅಂತಾನಾ? ಕೊಡು ಅವನ ಕೈಗೆ ಫೋನು. ಕೊಡಣ್ಣ…

ಏನಪ್ಪ ನಿನ್ನ ಹೆಸ್ರು?… ರಾಹುಲ್. ಯಾವೂರು ಮಗಾ?… ನಾಗಮಂಗಲನಾ? ನನ್ನ ತಂಗೀನ ಕೊಟ್ಟಿರೋದು ಅಲ್ಲಿಗೇ. ರಾಹುಲ್, ಆ ಕ್ಯಾಮೆರಾ ಹೊಸದಾ?… ಹೋದ ತಿಂಗಳು ತಗೊಂಡಿದ್ದಾ? ನೀರಿಗೆ ಬಿದ್ರೆ ಸರಿಹೋಗ್ತದಾ?… ಇಲ್ಲ ಅಲ್ವಾ. ಅಂಗಾದ್ರೆ ಮೊದ್ಲು ಅದನ್ನ ಬ್ಯಾಗಿಗೆ ಹಾಕು. ಸ್ಟ್ಯಾಂಡನ್ನ ಎತ್ತಿ ಮಡಚು, ನೆಲದ ಮೇಲೆ ಎಳೀಬ್ಯಾಡ. ಆಮೇಲೆ ಅಂಚಿಗೆ ಬೆನ್ನು ಕೊಟ್ಟು ಮೆಲ್ಲಗೆ ಕೂತ್ಕೋ. ನೀನು ನಿಂತಿರೋ ಜಾಗ ಅದೆಯಲ್ಲ, ಅಲ್ಲಿ ಯಾರೂ ಕಾಲಿಡಬಾರ್ದು…

ಯಾಕೆ ಅಂದ್ರೆ ಈ ತೆಪ್ಪ ಮಾಡಿದೋಳು ನಾನು. ನಾನು ಹೇಳ್ತಿದೀನಿ, ಅದಕ್ಕೆ…

ಹೂಂ ಕಣ್ಲಾ, ನಿನ್ನ ಕೆಲ್ಸದಲ್ಲಿ ನೀನೇ ದೊಡ್ಡೋನು, ಒಪ್ಕೊಂಡೆ. ತೆಪ್ಪದ ವಿಷ್ಯದಲ್ಲಿ ನನ್ನ ಮಾತು ಕೇಳು. ಕೂತ್ಯಾ?… ಒಳ್ಳೆ ಹುಡುಗ. ಫೋನ್ ಆ ಹುಡುಗಿಗೆ ಕೊಡು. ತಮ್ಮಯ್ಯಂಗೆ ಬ್ಯಾಡ, ಅವರಿಗೆ ಎರಡೂ ಕೈ ಬೇಕು…

ಅಪರ್ಣ?… ಹೂಂ ಕಣವ್ವ. ನೀನು ಕೇಳ್ತಿರೋದು ಸರಿ. ದಡಕ್ಕೆ ಯಾವ ಸಾಹೇಬ್ರೂ ಬಂದಿಲ್ಲ. ನಿನಗೆ ಸುಳ್ಳು ಹೇಳಾಕಿಲ್ಲ. ಅದಕ್ಕೆ ಮೊದ್ಲು ಒಂದು ಹೇಳು, ನೀನು ಏನು ಕೆಲ್ಸ ಮಾಡ್ತೀಯ?… ಟೀಚರ್ರಾ? ಪಾಂಡವಪುರದಲ್ಲಾ? ಬಿಡು ಮತ್ತೆ. ಐವತ್ತು ಮಕ್ಕಳನ್ನ ಕೂರಿಸೋಳಿಗೆ ಮೂರು ಜನ ಗಂಡಸ್ರನ್ನ ಕೂರಿಸೋದು ಎಷ್ಟರದು. ಎಲ್ರೂ ಜಾಕೆಟ್ ಹಾಕ್ಕೊಂಡ್ರಲ್ಲ, ಇನ್ನು ಅವರು ಏಳದಂಗೆ ನೋಡ್ಕೋ. ಅಷ್ಟು ಮಾಡಿದ್ರೆ ದಡ ಸೇರ್ತೀರಿ…

ಏನಾಗಿದೆ ಅಂದ್ರೆ… ನಿಮ್ಮನೇಲಿ ಒಬ್ಬಟ್ಟು ಮಾಡ್ತಾರಲ್ವಾ? ತಟ್ಟೋ ಎಲೆಗೆ ಎಣ್ಣೆ ಯಾಕೆ ಸವರ್ತಾರೆ?… ಹಾಂ, ಅಂಟಬಾರ್ದು ಅಂತ. ಅಷ್ಟೇ ಆಗಿರೋದು. ಫೈಬರ್ ತೆಪ್ಪ ಅಂದ್ರೆ ಗಾಜಿನ ನಾರಿನ ಹಾಸು, ಅದಕ್ಕೆ ರೆಜಿನ್ ಅಂತ ಅಂಟು. ನಾರು ಒಂದೇ ಇದ್ರೆ ಬಟ್ಟೆ ತರ ಮುದುರ್ಕೊಳ್ತದೆ. ಅಂಟು ಒಂದೇ ಇದ್ರೆ ಬಳೆ ತರ ಪಟ್ ಅಂತದೆ. ನಾರಿನ ಎಳೆ ಎಳೆಯನ್ನೂ ಅಂಟು ಹಿಡ್ಕೊಂಡು, ಪದರ ಪದರನ ಹಿಡ್ಕೊಂಡ್ರೆ ಆಗ ಗಟ್ಟಿ. ಇದ್ರಲ್ಲಿ ಮೊರದಗಲ ಜಾಗದಲ್ಲಿ ಅವು ಹಿಡ್ಕೊಂಡಿಲ್ಲ. ಒಂದರ ಪಕ್ಕ ಒಂದು ಸುಮ್ನೆ ಇವೆ…

ಇಲ್ಲ ಮಗಾ, ಒಟ್ಟಿಗೇ ಬಾಯಿ ಬಿಡಾಕಿಲ್ಲ. ಒಳಗೆ ಇನ್ನೂ ಎರಡು ಪದರ ಅವೆ. ತುಳೀದೆ ಇದ್ರೆ ತಡೀತವೆ. ಈಗ ಒಂದು ನೋಡಿ ಹೇಳು. ಬೆರಳ ತುದೀನ ಆ ಜಾಗದ ಮೇಲೆ ಇಡು. ಒತ್ತಬ್ಯಾಡ. ತಮ್ಮಯ್ಯ ಹುಟ್ಟು ಎಳೆದಾಗ ಏನಾಗ್ತದೆ?…

ಉಬ್ಬಿ ಇಳೀತದಾ? ಕಪ್ಪೆ ಗಂಟಲು ಅಲ್ಲಾಡಿದಂಗಾ?… ಕೈ ತೆಗಿ. ತೆಗಿ ಮಗಾ…

ಅದೇನು ಸದ್ದು? ಚಟ್ ಅಂತಲ್ಲ, ನಂಗೂ ಕೇಳ್ತು… ಬಿಳೀ ಗೆರೆನಾ? ಎಷ್ಟುದ್ದ?… ಒಂದು ಬೆರಳುದ್ದ. ಗೆರೇಲಿ ನೀರು ಕಾಣ್ತದಾ?… ಹನಿ ಹನಿ. ಬರ್ಲಿ ಬುಡು, ಹನಿಗೆ ಯಾರೂ ಮುಳುಗಾಕಿಲ್ಲ…

ಯಾರು ಕೂಗಿದ್ದು? ನಿನ್ನ ಹುಡುಗನಾ? ಎದ್ದು ನಿಂತ್ರಾ? ಕೂರಿಸವ್ವ! ಕೈ ಹಿಡಿದು ಎಳೆದು ಕೂರಿಸು! ಕ್ಲಾಸಲ್ಲಿ ಕೂಗ್ತೀಯಲ್ಲ, ಅಂಗೆ ಕೂಗು…

ಕೂತ್ರಾ?… ಸದ್ಯ. ಈಗ ಸ್ಪೀಕರ್ ಹಾಕು. ಇನ್ನು ಮುಚ್ಚಿಡೋದು ಏನೂ ಇಲ್ಲ. ಹಾಕಿದ್ಯಾ? ಎಲ್ರಿಗೂ ಕೇಳ್ತಾ?… ಹುಡುಗನ ಹೆಸ್ರೇನು?…

ಸುದರ್ಶನ್ ಅವ್ರೇ, ನಾನು ಸೋಮಮ್ಮ ಅಂತ. ಈಜು ಬರ್ತದಾ ನಿಮಗೆ?… ಬರಾಕಿಲ್ಲ. ಇರ್ಲಿ, ಜಾಕೆಟ್ ಹಾಕಿದೀರಲ್ಲ, ಅದರ ಬೆಲ್ಟು ಬಿಗೀರಿ. ಈಗ ನಿಮ್ಮ ಶೂ ಬಿಚ್ಚಿ… ಹೂಂ, ಫೋಟೋಗೆ ಅಂತ ತಗೊಂಡ ಹೊಸ ಶೂನೇ. ಒಂದನ್ನ ಬಿಚ್ಚಿ, ಅದ್ರಲ್ಲಿ ನೀರು ಮೊಗೆದು ಹೊರಕ್ಕೆ ಹಾಕಿ. ಕೂತಲ್ಲೇ. ಒಂದು, ಎರಡು ಅಂತ ಜೋರಾಗಿ ಎಣಿಸ್ತಾ ಹೋಗಿ. ನಂಗೆ ಕೇಳಿಸ್ಬೇಕು. ನೀವು ಎಣಿಸ್ತಿದ್ರೆ ನಂಗೆ ಇಲ್ಲಿ ಧೈರ್ಯ…

ರಾಹುಲ್, ನಿನ್ನ ಬ್ಯಾಗಲ್ಲಿ ಕ್ಯಾಮೆರಾಗೆ ಮಳೆ ಕವರ್ ಇರ್ತದಲ್ಲ?… ಪ್ಲಾಸ್ಟಿಕ್ ತಾನೆ? ಅದನ್ನ ತೆಗೆದು ಗೆರೆ ಮೇಲೆ ಹಾಸು. ಅದ್ರ ಮೇಲೆ ಒಂದು ಬಟ್ಟೆ ಮಡಚಿ ಇಡು… ದುಪಟ್ಟಾ ಆಗ್ತದೆ, ಅವಳು ಕೊಟ್ರೆ ಇಸ್ಕೋ. ಅಂಗೈ ಅಗಲ ಮಾಡಿ ಇಟ್ಕೋ. ತಳ್ಳಬ್ಯಾಡ. ಮಲಗಿರೋ ಕೂಸಿನ ಬೆನ್ನ ಮೇಲೆ ಕೈ ಇಡ್ತೀವಲ್ಲ, ಅಂಗೆ. ಕೂಸು ಏಳಬಾರ್ದು, ಕೈಯೂ ಹೋಗಬಾರ್ದು…

ತಮ್ಮಯ್ಯಣ್ಣ, ಅವಸರಕ್ಕೆ ಬಿದ್ದು ಜೋರಾಗಿ ಎಳೀತಿದೀಯ, ನಂಗೆ ಕೇಳ್ತದೆ. ಉದ್ದುದ್ದಕ್ಕೆ ಎಳಿ. ತೆಪ್ಪ ಜಗ್ಗಬಾರ್ದು. ಇನ್ನು ಎಷ್ಟು ಹುಟ್ಟು ಅದೆ ದಡಕ್ಕೆ?… ನಲವತ್ತು. ಆಗ್ಲಿ. ನಲವತ್ತು ಎಷ್ಟೊತ್ತು…

ಅತ್ತೆ, ನೀವು ಒಳಕ್ಕೆ ಹೋಗಿ ಕೂತ್ಕಳಿ… ಇಲ್ಲ ಅತ್ತೆ, ಯಾರೂ ಮುಳುಗಿಲ್ಲ. ಮಾತಾಡ್ತಾವ್ರೆ, ಎಣಿಸ್ತಾವ್ರೆ, ಕೇಳಿಸ್ಕೊಳಿ. ಎಣ್ಣೆ ಬಟ್ಟಲನ್ನ ಅಲ್ಲಿ ಕೆಳಗಿಡಿ ಮೊದ್ಲು…

ಏನಿಲ್ಲ ಕಣವ್ವ, ನಮ್ಮತ್ತೆ ಜೊತೆ ಮಾತಾಡ್ದೆ. ಹೇಳಿ ಸುದರ್ಶನ್ ಅವ್ರೇ… ಹದಿನಾಲ್ಕು. ಹದಿನೈದು. ನೀರು ಹೆಚ್ತಾ ಅದಾ, ಅಷ್ಟೇ ಅದಾ?… ಕಾಲ್ಬೆರಳು ಮುಳುಗೋಷ್ಟು. ಅಷ್ಟೇ ಇದ್ರೆ ನೀವು ಗೆದ್ರಿ. ಮೊಗೀರಿ…

ಅಪರ್ಣ, ನಿನ್ನ ಲಂಗ ಭಾರದ್ದಾ? ಒದ್ದೆ ಆದ್ರೆ ಕಾಲಿಗೆ ಸುತ್ಕೊಳ್ತದೆ. ಈಗ್ಲೇ ಎತ್ತಿ ಸೊಂಟಕ್ಕೆ ಸಿಗಿಸ್ಕೋ. ನಾಚ್ಕೋಬ್ಯಾಡ… ಹೂಂ, ರಾಹುಲ್ ಫೋಟೋ ತೆಗಿಯಾಕಿಲ್ಲ, ಅವನ ಕೈ ಕೂಸಿನ ಮೇಲದೆ…

ನಕ್ಕಿದ್ದು ಒಳ್ಳೇದಾಯ್ತು. ನಗು. ಇಪ್ಪತ್ತೊಂದು… ಇಪ್ಪತ್ತೆರಡು…

ಯಾಕೆ ನಿಲ್ಸಿದ್ರಿ? ಇಪ್ಪತ್ತೆರಡು ಆದ್ಮೇಲೆ?… ಹಲೋ? ಸುದರ್ಶನ್ ಅವ್ರೇ?… ಅಪರ್ಣ?…

ಹಲೋ… ಯಾರಾದ್ರೂ ಮಾತಾಡ್ರಪ್ಪ… ನೀರಿನ ಸದ್ದೊಂದೇ ಕೇಳ್ತದೆ ನಂಗೆ… ತಮ್ಮಯ್ಯಣ್ಣ?… ಅಣ್ಣ?…

ಹಾಂ! ಹಾಂ, ಇದೀನಿ, ಇದೀನಿ ಕಣವ್ವ. ಏನಾಯ್ತು?… ತಳ ತಾಗ್ತಾ? ಬಂಡೆನಾ?… ಬಟ್ಟೆ ಎದ್ದು ನೀರು ನುಗ್ಗಿತಾ? ಎಷ್ಟು?… ಮೀನಖಂಡದ ಮಟ್ಟ. ಯಾರೂ ಏಳಬ್ಯಾಡಿ. ಕೇಳಿ, ಯಾರೂ ಏಳಬ್ಯಾಡಿ. ತಮ್ಮಯ್ಯಣ್ಣ, ಹುಟ್ಟನ್ನ ನೆಟ್ಟಗೆ ಊರಿ ನೋಡು, ನೀರು ಎಷ್ಟಾಳ ಅದೆ ಅಲ್ಲಿ?…

ಸೊಂಟದ ಮಟ್ಟ! ಸೊಂಟದ ಮಟ್ಟ ಅಂದ್ರೆ ಆಯ್ತಲ್ಲ! ನೀನು ಮೊದ್ಲು ಇಳಿ. ನೀನೊಬ್ನೇ. ಇಳಿದು ಅಂಚನ್ನ ಎರಡೂ ಕೈಲಿ ಹಿಡ್ಕೋ. ಇನ್ನೊಂದು ಕಡೆ ರಾಹುಲ್ ಒರಗಿ ಕೂತಿರ್ಲಿ, ತೂಕ ಸರಿ ಆಗ್ಲಿ. ಹುಡುಗಿ ನಿನ್ನ ಹೆಗಲು ಹಿಡ್ಕೊಂಡು ಇಳೀಲಿ. ಆಮೇಲೆ ಹುಡುಗ, ಆಮೇಲೆ ರಾಹುಲ್. ಫೋನ್ ಯಾರ ಕೈಲಾದ್ರೂ ಇರ್ಲಿ, ಕಟ್ ಮಾಡ್ಬ್ಯಾಡಿ…

ಇಳಿದ್ಯಾ ಮಗಾ? ಕಾಲು ನೆಲಕ್ಕೆ ಸಿಕ್ತಾ?… ಪಾಚಿ ಇರ್ತದೆ, ಜಾರ್ತದೆ, ನೋಡ್ಕೊಂಡು. ಹುಡುಗ?… ರಾಹುಲ್?… ಬ್ಯಾಗು ತಲೆ ಮೇಲೆ ಇಟ್ಕೊಂಡವ್ನಾ? ಇಟ್ಕೊಳ್ಲಿ, ಇಟ್ಕೊಳ್ಲಿ. ದಡ ಹತ್ತಿ. ಹತ್ತಿದ್ಮೇಲೆ ಹೇಳಿ…

ಹತ್ತಿದ್ರಾ? ನಾಲ್ಕೂ ಜನನಾ? ಒಂದ್ ಸಲ ಎಲ್ರೂ ಒಬ್ಬೊಬ್ರೇ ಹೆಸ್ರು ಹೇಳಿ ನಂಗೆ…

ಆಯ್ತು. ಆಯ್ತಪ್ಪ. ಅತ್ತೆ, ಎಲ್ರೂ ದಡಕ್ಕೆ ಹೋದ್ರು. ನಾಲ್ಕೂ ಜನ… ಹೂಂ, ಕೈ ಮುಗೀರಿ, ಮುಗೀರಿ…

ಬ್ಯಾಡ ಅಪರ್ಣ, ನಂಗೆ ಥ್ಯಾಂಕ್ಸ್ ಹೇಳಬ್ಯಾಡ. ನಿನ್ನನ್ನ ಆ ನೀರಲ್ಲಿ ಕೂರಿಸಿದ್ದೇ ನಾನು. ನೀನು ಬೈದ್ರೂ ಕೇಳಿಸ್ಕೊಳ್ತೀನಿ, ನ್ಯಾಯವಾಗಿದೆ… ನೀನು ದೊಡ್ಡ ಮನಸ್ಸಿನೋಳು. ಒದ್ದೆ ಬಟ್ಟೇಲಿ ಗಾಳಿಗೆ ನಿಲ್ಲಬ್ಯಾಡ. ದೇವಸ್ಥಾನದ ಕಡೆ ಕಾಲುದಾರಿ ಅದೆ, ತಮ್ಮಯ್ಯ ತೋರಿಸ್ತಾರೆ. ಅವರಿಗೆ ಕೊಡು ಫೋನು…

ಅಣ್ಣ… ಬೈ. ಬೈದ್ಬುಡು ಒಂದ್ ಸಲ…

ಏನು? ನೀನ್ಯಾಕೆ ತಪ್ಪಾಯ್ತು ಅಂತೀಯ?… ಭಾನುವಾರ ಬಂಡೆಗೆ ತಾಗಿಸಿದ್ಯಾ? ತಳದಲ್ಲಿ ಗೀರು ಬಿದ್ದಿತ್ತಾ? ನಂಗೆ ಹೇಳಿದ್ರೆ ಬೈತೀನಿ ಅಂತ ಮುಚ್ಚಿಟ್ಯಾ? ಅದಕ್ಕೇ ಇಂಗಾಯ್ತು ಅಂತ ತಿಳ್ಕೊಂಡಿದೀಯಾ…

ಒಂದು ನಿಮಿಷ ಇರು ಅಣ್ಣ…

ಇಲ್ಲ. ಬಂಡೆಯಿಂದ ಆಗಿದ್ದಲ್ಲ. ಹೂಂ ಅಂದ್ಬುಟ್ರೆ ನಂಗೆ ಸಲೀಸು, ನೀನೂ ನಂಬ್ತೀಯ. ಆದ್ರೆ ರಾತ್ರಿ ಊಟ ಇಳಿಯಾಕಿಲ್ಲ ನಂಗೆ. ತೊಣ್ಣೂರು ಕೆರೇಲಿ ಬಂಡೆ ಇರೋದು ನಂಗೊತ್ತಿಲ್ವಾ? ತಾಗ್ತದೆ ಅಂತ ಗೊತ್ತಿದ್ದೇ ಮಾಡೋದು. ಗೀರು ಬಿದ್ದಾಗ ನೀರು ಪದರದ ನಡುವೆ ಸೇರ್ಕೊಂಡು ಪೊಳ್ಳು ದೊಡ್ಡದಾಗಿದೆ, ಅದು ನಿಜ. ಪೊಳ್ಳು ಇಟ್ಟಿದ್ದು ನಾನು…

ಹೇಳ್ತೀನಿ ಕೇಳು. ಆಯುಧಪೂಜೆ ದಿನ ನಿನ್ನ ತೆಪ್ಪ ಅರ್ಧ ಆಗಿತ್ತು. ಅಚ್ಚಿಗೆ ನೀಲಿ ಬಣ್ಣ ಬಳಿದು ಒಂದು ಹಾಸು ಹಾಕಿ ಮುಗಿಸಿದ್ದೆ. ಹಬ್ಬಕ್ಕೆ ಎರಡು ದಿನ ಕೆಲ್ಸ ನಿಲ್ಲಿಸ್ದೆ. ಡ್ರಿಲ್ಲು, ರೋಲರು, ಕತ್ರಿ, ಎಲ್ಲದಕ್ಕೂ ಕುಂಕುಮ ಇಟ್ವಿ. ನಾನು ಅಡಿಗೆಗೆ ಒಳಕ್ಕೆ ಹೋದೆ. ನಮ್ಮತ್ತೆ ದ್ಯಾವಮ್ಮ ನಿಮ್ಮೂರೋರೆ ಅಲ್ವಾ, ಅವರಪ್ಪ ಆ ಕೆರೇಲೇ ಚರ್ಮದ ತೆಪ್ಪ ಹಾಕ್ತಿದ್ದೋರು. ಹೊಸ ತೆಪ್ಪ ಒಣಗಿ ನಿಂತದೆ, ಎಣ್ಣೆ ಕಾಣಿಸ್ದೆ ಎಂಗೆ ನೀರಿಗೆ ಬಿಡ್ತಾರೆ ಅಂತ ಬಟ್ಟಲು ಹರಳೆಣ್ಣೆ ತಂದು ನಡುವಿಗೆ ಹುಯ್ದು, ಅಂಗೈಲಿ ಸವರಿ, ಕೈ ಮುಗಿದು ಬಂದವ್ರೆ…

ಅಲ್ವಾ. ಚರ್ಮಕ್ಕೆ ಎಣ್ಣೆ ಬೇಕೇ ಬೇಕು. ಎಣ್ಣೆ ಕಾಣದ ಚರ್ಮ ಬಿರೀತದೆ. ಅವರು ಕಲ್ತಿದ್ದು ಸರಿಯಾಗೇ ಕಲ್ತವ್ರೆ. ಈ ತೆಪ್ಪ ಬೇರೆ ಜಾತಿ ಅಂತ ಇಷ್ಟು ವರ್ಷದಲ್ಲಿ ಒಂದು ದಿನ ಕೂರಿಸ್ಕೊಂಡು ಹೇಳ್ಲಿಲ್ಲ ನಾನು…

ಹಬ್ಬ ಆದ್ಮೇಲೆ ನೋಡ್ದೆ. ಅಂಚಲ್ಲಿ ಕುಂಕುಮ ಇತ್ತು, ಒರೆಸ್ದೆ. ತಳ ಮಿರಮಿರ ಅಂತಿತ್ತು. ರೆಜಿನ್ನೇ ಹೊಳೀತದೆ ಅಂದ್ಕೊಂಡೆ. ಎರಡು ದಿನ ಬಿಟ್ಟ ಪದರನ ಉಜ್ಜು ಕಾಗದ ಹಾಕಿ ತರಿ ತರಿ ಮಾಡದೆ ಮೇಲಿನ ಹಾಸು ಹಾಕಬಾರ್ದು. ನನ್ನ ಶೆಡ್ಡಿಗೆ ಕೆಲ್ಸ ಕಲಿಯಕ್ಕೆ ಬಂದೋರಿಗೆ ನಾನೇ ಮೊದ್ಲ ದಿನ ಹೇಳೋದು ಅದು. ಉಜ್ಜಿದ್ರೆ ಕಾಗದ ಜಾರೋದು, ಎಣ್ಣೆ ಸಿಕ್ಕಿಬೀಳೋದು. ಉಜ್ಜಲಿಲ್ಲ ಅಣ್ಣ. ಅರ್ಧ ಗಂಟೆ ಕೆಲ್ಸ. ಮೈ ನೋಯ್ತಿತ್ತು, ಉಜ್ಜಲಿಲ್ಲ…

ಈಗ ನಿಂಗೆ ಫೋನ್ ಮಾಡೋಕ್ಕೆ ಮುಂಚೆ ಇನ್ನೊಂದು ತೆಪ್ಪಕ್ಕೆ ಮೊದ್ಲ ಹಾಸು ಹಾಕಿ ನಿಂತಿದ್ದೆ. ಅತ್ತೆ ಬಟ್ಟಲು ಹಿಡ್ಕೊಂಡು ಬಂದ್ರು. ನೀಲಿದಕ್ಕೆ ನಾನೇ ಎಣ್ಣೆ ಕಾಣಿಸ್ದೆ, ಇದಕ್ಕೆ ನೀನು ಕಾಣಿಸ್ದ್ಯೋ ಇಲ್ವೋ ಅಂದ್ರು. ಬ್ರಷ್ಷು ಬಿಸಾಕಿ ಫೋನ್ ಎತ್ಕೊಂಡೆ…

ಇಲ್ಲ, ಬೈದಿಲ್ಲ. ಅವರನ್ನ ಬೈಯೋ ಬಾಯಿ ನಂಗಿಲ್ಲ. ಮೂಲೇಲಿ ಕೂತವ್ರೆ. ನೀನೇ ಆಮೇಲೆ ಒಂದು ಮಾತಾಡು, ನಿಮ್ಮೂರೋನ ಮಾತು ಕೇಳ್ತಾರೆ…

ಹೂಂ, ಮಕ್ಕಳು ಕಾಲುದಾರಿ ಹಿಡಿದ್ರಾ? ಒಳ್ಳೇದು. ನೀನೂ ಅವರ ಜೊತೆ ಹೊರಡು… ಏನು?… ತೆಪ್ಪ ಮಗುಚಿ ನೀರು ಚೆಲ್ಲಿದ್ಯಾ. ಹೂಂ… ಏನಂದೆ?…

ಒಬ್ನೇ ತಾನೆ ಹಗುರ, ಅಂಚಿಗೆ ಕೂತ್ಕೊಂಡು ತೂಬಿನ ಕಡೆಗೆ ಹಾಕ್ಕೊಂಡು ಹೋಗ್ಬುಡ್ತೀಯಾ? ಅಣ್ಣ, ನಾನು ಇಷ್ಟೊತ್ತು ಯಾವ ಗೋಡೆ ಜೊತೆ ಮಾತಾಡ್ತಿದ್ದೆ?…

ಇಲ್ಲ. ಅದನ್ನ ಅಲ್ಲೇ ಬಿಟ್ಟು ಬಾ… ಯಾರಾದ್ರೂ ಹೊತ್ಕೊಂಡು ಹೋಗ್ತಾರೆ ಅಂತೀಯ. ನಿಜ. ಮೀನು ಹಿಡಿಯೋರು ಕಂಡ್ರೆ ಬಿಡಾಕಿಲ್ಲ. ನೀನೂ ಬಿಡಾಕಿಲ್ಲ ಅಣ್ಣ, ನಿನ್ನನ್ನ ನಾನು ಬಲ್ಲೆ. ನಾಳೆ ಬಂದು ಡಾಂಬರು ತೇಪೆ ಹಾಕ್ತೀಯ. ನಾಡಿದ್ದು ಒಂದ್ ಸುತ್ತು ಹೋಗಿ ನೋಡ್ತೀಯ. ಆಚೆ ನಾಡಿದ್ದು ಯಾರದೋ ಮಕ್ಕಳನ್ನ ಕೂರಿಸ್ತೀಯ. ಕೆಟ್ಟೋನು ಅಂತಲ್ಲ. ಚೆನ್ನಾಗಿ ಕಾಣೋ ಪದಾರ್ಥನ ಬಿಸಾಕೋ ಮನಸ್ಸು ನಮ್ಮಂಥೋರಿಗೆ ಯಾರಿಗೂ ಬರಾಕಿಲ್ಲ. ಅದಕ್ಕೇ ಹೇಳ್ತಿದೀನಿ. ಒಡೆದಾಕು ಅದನ್ನ…

ಹೂಂ, ಒಡಿ. ಸರಿಯಾಗೇ ಕೇಳಿಸ್ಕೊಂಡೆ ನೀನು…

ಅಚ್ಚಲ್ಲಿ ಈಗ ಇರೋ ತೆಪ್ಪ ನಿಂಗೇ. ಯಾರಿಗೆ ಅಂತ ಮಾಡ್ತಿದ್ನೋ ಅವರಿಗೆ ನಾನು ಹೇಳ್ಕೊಳ್ತೀನಿ. ಎಂಟು ದಿನ ಬೇಕು. ನಾಳೆನೇ ಕೊಡ್ತೀನಿ ಅಂತ ಹೇಳಾಕಿಲ್ಲ, ಚೆನ್ನಾಗಿ ಒಣಗ್ಬೇಕು. ನೀನೇ ಗಂಜಾಮಿಗೆ ಬಾ. ಒಂದೊಂದು ಪದರ ಹಾಕೋಕ್ಕೆ ಮುಂಚೆ ನಿನ್ನ ಕೈಲೇ ಸವರಿ ನೋಡು. ತರಿ ತರಿ ಇದ್ರೆ ಹಾಕು ಅನ್ನು, ನಾನು ಹಾಕ್ತೀನಿ. ನುಣ್ಣಗಿದ್ರೆ ನನ್ನ ಮಖಕ್ಕೆ ಉಗಿ…

ಗೊತ್ತು ಕಣಣ್ಣ. ನಿನ್ನದು ಅಂತ ಇದ್ದ ಮೊದಲ್ನೇ ತೆಪ್ಪ. ಒಳಗಡೆ ನಿನ್ನ ಮಗಳ ಹೆಸ್ರು ಬರೆಸಿದ್ಯ. ನಾನೇ ಬರ್ದಿದ್ದು… ಅದಕ್ಕೇ ಒಡಿ ಅಂತಿರೋದು. ಅವಳೂ ಒಂದಿನ ಕೂತ್ಕೊಳೋಳು ತಾನೆ…

ಹೂಂ… ಹೂಂ. ಹುಡುಕು. ಎರಡು ಕೈಲಿ ಎತ್ತೋವಂಥ ಕಲ್ಲು. ತೆಪ್ಪ ಬೋರಲಾಗೇ ಇರ್ಲಿ, ನಡುವಿಗೆ ಹಾಕು. ಫೋನ್ ಕಟ್ ಮಾಡ್ಬ್ಯಾಡ. ಬಂಡೆ ಮೇಲೆ ಇಡು. ನಾನು ಕೇಳಿಸ್ಕೋಬೇಕು…

ಅದು ಬಂಡೆಗೆ ಕಲ್ಲು ಹಾಕಿದ ಸದ್ದು ಅಣ್ಣ. ನನ್ನ ಹತ್ರನಾ ನಿನ್ನ ಆಟ? ತೆಪ್ಪಕ್ಕೆ ಹಾಕು…

ಅಳ್ತಿದೀಯಾ?… ಅಳು. ಅತ್ಕೊಂಡೇ ಹಾಕು. ನನ್ನ ಕೈ ಅಲ್ಲಿಗೆ ಎಟುಕಿದ್ರೆ ನಾನೇ ಹಾಕ್ತಿದ್ದೆ…

ಹಾಂ. ಬಿತ್ತು. ತೂತು ಬಿತ್ತಾ?… ಗುಂಡಿ ಅಷ್ಟೇನಾ? ನಾರು ಇನ್ನೂ ಹಿಡ್ಕೊಂಡದೆ. ಇನ್ನೂ ಮೇಲಕ್ಕೆತ್ತಿ ಹಾಕು…

ಹಾಂ… ಇನ್ನೊಂದು, ಅಣ್ಣ. ಆಕಾಶ ಕಾಣ್ಬೇಕು ಅದರೊಳಗಿಂದ. ತೇಪೆಗೂ ಸಿಗದಂಗೆ. ಇನ್ನೊಂದ್ ಸಲ ಎತ್ತು… ಎತ್ತಿದ್ಯಾ?… ಹಾಕು ಮತ್ತೆ, ಯಾಕೆ ಹಂಗೇ ನಿಂತೆ… ಹಾಕಣ್ಣ, ನಾನು ಕೇಳ್ತಾ ಇದೀನಿ… ಹಾಂ, ಈಗ ಒಡೀತು…